ಮಂಡಲ ಬರೆಯುವ ಕ್ರಮ: ಕೌಟಿಲ್ಯನ ಬಲದ ಲೆಕ್ಕದಲ್ಲಿ ಇಂದಿನ ದೇಶಗಳು

ಟಿವಿ ಚರ್ಚೆಯಲ್ಲಿ ವಿದೇಶಾಂಗ ನೀತಿಯ ಮಾತು ಬಂದಾಗಲೆಲ್ಲ ಕೌಟಿಲ್ಯನ ಹೆಸರಿನಲ್ಲಿ ಎರಡು ಮಾತು ಕೇಳಿಬರುತ್ತವೆ: ನೆರೆಯವನು ಶತ್ರು, ಶತ್ರುವಿನ ಶತ್ರು ಮಿತ್ರ. ಅವನ ರಾಜನೀತಿ ಗ್ರಂಥ 'ಅರ್ಥಶಾಸ್ತ್ರ'ದ ಆರನೆಯ ಅಧಿಕರಣದಲ್ಲಿ, ಅಂದರೆ ಆರನೆಯ ಭಾಗದಲ್ಲಿ, ಇವುಗಳ ಬೇರು ಇರುವುದು ನಿಜ. ಆದರೆ ಆ ಅಧಿಕರಣದಲ್ಲಿ ಇರುವುದೇ ಎರಡು ಅಧ್ಯಾಯ. ಬೆನ್ನಿಗೇ ಬರುವ ಏಳನೆಯ ಅಧಿಕರಣಕ್ಕೆ ಹದಿನೆಂಟು ಅಧ್ಯಾಯ. ಆರನೆಯದು ನಕ್ಷೆ ಕೊಡುತ್ತದೆ, ಏಳನೆಯದು ಆ ನಕ್ಷೆ ಹಿಡಿದು ಏನು ಮಾಡಬೇಕೆಂಬ ಲೆಕ್ಕ ಕಲಿಸುತ್ತದೆ. ನಕ್ಷೆ ಓದಿ ಲೆಕ್ಕ ಬಿಟ್ಟವರು ಕೌಟಿಲ್ಯನನ್ನೂ ತಪ್ಪಾಗಿ ತಿಳಿಯುತ್ತಾರೆ, ಇಂದಿನ ಜಗತ್ತನ್ನೂ ತಪ್ಪಾಗಿ ತಿಳಿಯುತ್ತಾರೆ. ಇಲ್ಲಿ ಎರಡನ್ನೂ ಜೋಡಿಸಿ, 1971ರ ಯುದ್ಧವನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಗ್ರಂಥದ ಬಗ್ಗೆ ಎರಡು ಸಂಗತಿ. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಈ ಕೃತಿಯ ಹಸ್ತಪ್ರತಿ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯಕ್ಕೆ ಕೊಟ್ಟಿದ್ದ ಪ್ರತಿಯ ಬೆಲೆಯನ್ನು ಅರಿತವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅವರು ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಹೊರತಂದರು. 1919ರ ಒಂದು ಉಪನ್ಯಾಸದಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್, ನಿಷ್ಠುರತೆಯಲ್ಲಿ ಇದರ ಮುಂದೆ ಇಟಲಿಯ ಮ್ಯಾಕಿಯವೆಲ್ಲಿಯ ರಾಜನೀತಿ ಗ್ರಂಥ 'ಪ್ರಿನ್ಸ್' ಏನೂ ಅಲ್ಲ ಎಂಬರ್ಥದ ಮಾತಾಡಿದ. ಕೌಟಿಲ್ಯ ಎಂದರೆ ಕ್ರೌರ್ಯ, ಕುಟಿಲತೆ ಎಂಬ ಹೆಸರು ಪಶ್ಚಿಮದಲ್ಲಿ ನಿಂತದ್ದಕ್ಕೆ ಅದೂ ಒಂದು ಕಾರಣ. ಎರಡನೆಯ ಸಂಗತಿ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ: ಗ್ರಂಥದಲ್ಲಿ ಎಲ್ಲಿಯೂ ಮೌರ್ಯರ ಹೆಸರಿಲ್ಲ, ಪಾಟಲಿಪುತ್ರದ ಹೆಸರಿಲ್ಲ. ಅದರ ಕಣ್ಣ ಮುಂದಿರುವುದು ಒಂದೇ ಮಹಾಸಾಮ್ರಾಜ್ಯವಲ್ಲ. ಅಕ್ಕಪಕ್ಕದಲ್ಲಿ ಹತ್ತಾರು ರಾಜ್ಯಗಳು, ಎಲ್ಲರ ಮೇಲೆ ಕೂತು ನ್ಯಾಯ ಹೇಳುವ ದೊರೆ ಯಾರೂ ಇಲ್ಲ. ಇಂದಿನ ದೇಶಗಳ ಸ್ಥಿತಿಯೂ ಅದೇ. ಹಾಗಾಗಿಯೇ ಈ ಲೆಕ್ಕ ಇನ್ನೂ ಚಾಲ್ತಿಯಲ್ಲಿದೆ.

ಮೊದಲು ತೂಕ

ಕೌಟಿಲ್ಯ ನೆರೆಯವನ ಮಾತು ಎತ್ತುವ ಮೊದಲು ರಾಜ್ಯದ ಏಳು ಅಂಗಗಳನ್ನು ಹೇಳುತ್ತಾನೆ: ಸ್ವಾಮಿ (ರಾಜ), ಅಮಾತ್ಯ (ಮಂತ್ರಿ, ಅಧಿಕಾರಿಗಳು), ಜನಪದ (ನಾಡು ಮತ್ತು ಜನ), ದುರ್ಗ (ಕೋಟೆ), ಕೋಶ (ಬೊಕ್ಕಸ), ದಂಡ (ಸೈನ್ಯ), ಮಿತ್ರ. ಈ ಅನುಕ್ರಮಕ್ಕೆ ಅರ್ಥವಿದೆ. ಹಿಂದಿನ ಅಂಗಕ್ಕೆ ಬರುವ ಕೇಡು ಮುಂದಿನದಕ್ಕೆ ಬರುವ ಕೇಡಿಗಿಂತ ಭಾರಿ ಎಂದು ಎಂಟನೆಯ ಅಧಿಕರಣದಲ್ಲಿ ಹಳೆಯ ಆಚಾರ್ಯರ ಜೊತೆ ಒಂದೊಂದಾಗಿ ವಾದ ಮಾಡಿ ಸ್ಥಾಪಿಸುತ್ತಾನೆ. ಸೈನ್ಯ ಆರನೆಯ ಸ್ಥಾನದಲ್ಲಿದೆ, ಬೊಕ್ಕಸ ಅದಕ್ಕಿಂತ ಮೇಲಿನ ಸ್ಥಾನದಲ್ಲಿ. ದಂಡದ ಬೇರು ಕೋಶದಲ್ಲಿದೆ ಎಂಬುದು ಅವನ ಕಾರಣ. ಮಿತ್ರನಿಗೆ ಕೊನೆಯ ಸ್ಥಾನ.

1991 ಈ ಅನುಕ್ರಮಕ್ಕೆ ಎರಡು ಸಾಕ್ಷ್ಯ ಒದಗಿಸಿತು. ಸೋವಿಯತ್ ಒಕ್ಕೂಟದ ಬಳಿ ಸಾವಿರಾರು ಅಣ್ವಸ್ತ್ರಗಳಿದ್ದವು, ಲಕ್ಷಗಟ್ಟಲೆ ಸೈನಿಕರಿದ್ದರು. ಕೋಶ ಬರಿದಾಗಿತ್ತು, ಜನಪದ ಕೈಬಿಟ್ಟಿತ್ತು. ಡಿಸೆಂಬರ್ ಕೊನೆಗೆ ಆ ರಾಷ್ಟ್ರವೇ ಉಳಿಯಲಿಲ್ಲ. ಅದೇ ವರ್ಷ ಭಾರತದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದು, ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡವಿಟ್ಟಿತು. ಗಡಿಯಲ್ಲಿ ಒಬ್ಬ ಯೋಧನೂ ಕಡಿಮೆಯಾಗಿರಲಿಲ್ಲ, ಆದರೂ ಹೊರಗಿನವರ ಮುಂದೆ ದೇಶದ ಮಾತಿನ ತೂಕ ಇಳಿದಿತ್ತು.

ಬಲವನ್ನು ಅವನು ಮೂರಾಗಿ ಒಡೆಯುತ್ತಾನೆ. ಕೋಶ ಮತ್ತು ದಂಡದಿಂದ ಬರುವುದು ಪ್ರಭುಶಕ್ತಿ, ಪರಾಕ್ರಮದಿಂದ ಬರುವುದು ಉತ್ಸಾಹಶಕ್ತಿ, ತಿಳಿವಳಿಕೆ ಮತ್ತು ಆಲೋಚನೆಯಿಂದ ಬರುವುದು ಮಂತ್ರಶಕ್ತಿ. ಉತ್ಸಾಹಕ್ಕಿಂತ ಪ್ರಭುಶಕ್ತಿ ಮೇಲು, ಅದಕ್ಕಿಂತ ಮಂತ್ರಶಕ್ತಿ ಮೇಲು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನೊಳಗೆ ನುಗ್ಗಿದಾಗ ಟ್ಯಾಂಕು, ವಿಮಾನ, ಕ್ಷಿಪಣಿ ಎಣಿಸಿದವರೆಲ್ಲ ರಾಜಧಾನಿ ಕೀವ್ ದಿನಗಳಲ್ಲಿ ಬೀಳುತ್ತದೆ ಎಂದರು. ಕೀವ್ ಬೀಳಲಿಲ್ಲ, ಸೋತದ್ದು ರಷ್ಯಾದ ಮಂತ್ರಶಕ್ತಿ. ಎದುರಾಳಿ ಜನ ಹೇಗೆ ನಿಲ್ಲುತ್ತಾರೆ, ಇಂಧನದ ಲಾರಿ ಎಲ್ಲಿಯವರೆಗೆ ಹೋಗಬಲ್ಲದು ಎಂಬ ಅಂದಾಜೇ ತಪ್ಪಿತ್ತು. ಕೀವ್‌ನ ಉತ್ತರಕ್ಕೆ ಹತ್ತಾರು ಕಿಲೋಮೀಟರ್ ಉದ್ದ ನಿಂತುಬಿಟ್ಟ ವಾಹನಗಳ ಸಾಲನ್ನು ಉಪಗ್ರಹ ಚಿತ್ರಗಳಲ್ಲಿ ಜಗತ್ತೇ ನೋಡಿತು. ಬರಿಯ ಪ್ರಭುಶಕ್ತಿಯ ಪಟ್ಟಿ ಹಿಡಿದು ಯುದ್ಧದ ಫಲ ಹೇಳುವ ಅಭ್ಯಾಸ ಇಂದಿಗೂ ಹೋಗಿಲ್ಲ. ಈ ತಪ್ಪಿಗೆ ಬೆಲೆ ತೆರುವವರು ಸಾಮಾನ್ಯ ಜನ ಎಂಬುದು ನೋವಿನ ಸಂಗತಿ.

ನಕ್ಷೆ

ಲೆಕ್ಕ ಯಾರ ಕಡೆಯಿಂದ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಅವನು ವಿಜಿಗೀಷು, ಬೆಳೆಯಬಯಸುವ ರಾಜ. ಅವನ ಮುಂದೆ ಸಾಲಾಗಿ ಅರಿ (ಶತ್ರು), ಮಿತ್ರ, ಅರಿಮಿತ್ರ (ಶತ್ರುವಿನ ಮಿತ್ರ), ಮಿತ್ರಮಿತ್ರ, ಅರಿಮಿತ್ರಮಿತ್ರ. ಹಿಂದೆ ನಾಲ್ವರು: ನಾವು ಮುಂದೆ ನುಗ್ಗಿದಾಗ ಹಿಂದಿನಿಂದ ಹಿಮ್ಮಡಿ ಹಿಡಿಯುವ ಪಾರ್ಷ್ಣಿಗ್ರಾಹ, ಅವನ ಬೆನ್ನಿಗಿದ್ದು ನಮ್ಮ ಕೂಗಿಗೆ ಓಗೊಡುವ ಆಕ್ರಂದ, ಮತ್ತೆ ಆ ಇಬ್ಬರಿಗೂ ಒಬ್ಬೊಬ್ಬ ಆಸಾರ, ಅಂದರೆ ಬೆಂಬಲಿಗ. ಇವರ ಜೊತೆಗೆ ಮಧ್ಯಮ ಮತ್ತು ಉದಾಸೀನ. ವಿಜಿಗೀಷುವೂ ಸೇರಿ ಒಟ್ಟು ಹನ್ನೆರಡು. ಈ ಹನ್ನೆರಡರ ವೃತ್ತವೇ ಮಂಡಲ.

ಕೊನೆಯ ಇಬ್ಬರ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಭಾರತ, ಚೀನಾ ನಡುವೆ ಇದೆ ಎಂದು ನೇಪಾಳವನ್ನು ಮಧ್ಯಮ ಎನ್ನುವುದುಂಟು. ಕೌಟಿಲ್ಯನ ಮಧ್ಯಮ ಎರಡೂ ಕಡೆಯವರಿಗೆ ತಾಗಿಕೊಂಡಿರಬೇಕು, ಜೊತೆಗೆ ಅವರಿಬ್ಬರೂ ಒಂದಾಗಿಲ್ಲದಾಗ ಯಾರನ್ನಾದರೂ ಮಟ್ಟಹಾಕುವಷ್ಟು ಬಲಶಾಲಿಯಾಗಿರಬೇಕು. ನೇಪಾಳಕ್ಕೆ ಮೊದಲ ಲಕ್ಷಣ ಇದೆ, ಎರಡನೆಯದು ಇಲ್ಲ. ಉದಾಸೀನ ಎಂದರೆ ಯಾರ ಗೊಡವೆಗೂ ಹೋಗದ ಸಣ್ಣ ದೇಶವೂ ಅಲ್ಲ. ಮಧ್ಯಮನಿಗಿಂತಲೂ ಬಲಿಷ್ಠ, ದೂರದಲ್ಲಿರುವವನು, ಮನಸ್ಸು ಮಾಡಿದರೆ ಯಾರ ತಕ್ಕಡಿಯನ್ನಾದರೂ ತಗ್ಗಿಸಬಲ್ಲವನು. ದಕ್ಷಿಣ ಏಷ್ಯಾದ ಜಗಳಗಳಲ್ಲಿ ಈ ಜಾಗ ಬಹುಕಾಲ ಅಮೆರಿಕದ್ದು.

ನೆರೆಯವನ ಬಗ್ಗೆಯೂ ಗ್ರಂಥದ ಮಾತು ಟಿವಿಯವರು ಹೇಳುವಷ್ಟು ಸರಳವಾಗಿಲ್ಲ. ಗಡಿ ತಾಗಿದವನು ಪ್ರಕೃತಿಯಿಂದ ಅಮಿತ್ರ, ಸರಿ. ಅದರ ಜೊತೆಗೆ ಸಮಾನ ಕುಲದಲ್ಲಿ ಹುಟ್ಟಿ ಒಂದೇ ಆಸ್ತಿಗೆ ಹಕ್ಕು ಹೇಳುವ ಸಹಜ ಶತ್ರು, ಗಡಿ ತಾಗದಿದ್ದರೂ ನಡವಳಿಕೆಯಿಂದ ಆಗುವ ಕೃತ್ರಿಮ ಶತ್ರು ಎಂದು ಬೇರೆ ಎರಡು ಬಗೆ ಇವೆ. ಏಳನೆಯ ಅಧಿಕರಣದ ಕೊನೆಗೆ ಸಾಮಂತರನ್ನೇ, ಅಂದರೆ ನೆರೆಯವರನ್ನೇ, ಅರಿಭಾವಿ, ಮಿತ್ರಭಾವಿ, ಭೃತ್ಯಭಾವಿ ಎಂದು ವಿಂಗಡಿಸುತ್ತಾನೆ. ಹಾಗಾದರೆ ನೆರೆಯವನು ಮಿತ್ರನಾಗಿಯೂ ನಡೆಯಬಲ್ಲ. ಯಾವ ಕಡೆ ವಾಲುತ್ತಾನೆ ಎಂಬುದರಲ್ಲಿ ನಮ್ಮ ವರ್ತನೆಯ ಪಾಲು ದೊಡ್ಡದು. 2015ರಲ್ಲಿ ನೇಪಾಳ ಹೊಸ ಸಂವಿಧಾನ ತಂದಾಗ ಗಡಿಯಲ್ಲಿ ಸರಕು ತಿಂಗಳುಗಟ್ಟಲೆ ನಿಂತಿತು. ಕಠ್ಮಂಡು ದೆಹಲಿಯನ್ನು ದೂರಿತು, ದೆಹಲಿ ಆರೋಪವನ್ನು ಅಲ್ಲಗಳೆಯಿತು. ಅಡುಗೆ ಅನಿಲಕ್ಕೆ ಸಾಲುಗಟ್ಟಿದ ಜನರಿಗೆ ಆ ವಾದ ಬೇಕಿರಲಿಲ್ಲ. 2016ರ ಮಾರ್ಚಿನಲ್ಲಿ ನೇಪಾಳ ಚೀನಾದೊಂದಿಗೆ ಸಾಗಣೆ ಒಪ್ಪಂದ ಮಾಡಿಕೊಂಡಿತು.

ನಕ್ಷೆ ತಾನಾಗಿಯೇ ಬದಲಾಗುವುದೂ ಉಂಟು. 1950ರವರೆಗೆ ಭಾರತದ ಉತ್ತರಕ್ಕಿದ್ದದ್ದು ಟಿಬೆಟ್. ಆ ವರ್ಷ ಚೀನಾದ ಸೇನೆ ಟಿಬೆಟ್ಟಿಗೆ ನುಗ್ಗಿತು. ಭಾರತದ ಗಡಿ ಒಂದಿಂಚೂ ಅಲುಗಲಿಲ್ಲ, ಆದರೂ ದೂರದಲ್ಲಿದ್ದ ದೊಡ್ಡ ಶಕ್ತಿಯೊಂದು ಭೂಮಿ ತಾಗಿದ ನೆರೆಯಾಯಿತು. ಸರ್ದಾರ್ ಪಟೇಲರು ಅದೇ ನವೆಂಬರ್ 7ರಂದು ನೆಹರೂ ಅವರಿಗೆ ಬರೆದ ಪತ್ರದ ತಿರುಳು ಇದೇ: ಭಾರತದ ರಕ್ಷಣೆ ಇನ್ನು ಎರಡು ಕಡೆ ಏಕಕಾಲಕ್ಕೆ ಗಮನ ಕೊಡಬೇಕು. ಪಾರ್ಷ್ಣಿಗ್ರಾಹ ಹುಟ್ಟಿದ್ದನ್ನು ಅಷ್ಟು ಬೇಗ ಗುರುತಿಸಿದ ಇನ್ನೊಂದು ದಾಖಲೆ ನಮ್ಮಲ್ಲಿ ವಿರಳ.

1971: ಲೆಕ್ಕ ಮಾಡಿ ನೋಡುವುದು

ದೆಹಲಿಯನ್ನು ವಿಜಿಗೀಷುವಿನ ಜಾಗದಲ್ಲಿಡಿ. ಮುಂದಿರುವ ಅರಿ ಪಾಕಿಸ್ತಾನ, ಗುರಿ ಅದರ ಪೂರ್ವ ಭಾಗ, ಅಂದರೆ ಇಂದಿನ ಬಾಂಗ್ಲಾದೇಶ. ಬೆನ್ನಿಗೆ, ಹಿಮಾಲಯದಾಚೆ, 1962ರಲ್ಲಿ ಯುದ್ಧ ಮಾಡಿದ್ದ ಚೀನಾ, ಪಾಕಿಸ್ತಾನದ ಗೆಳೆಯ. ದೂರದಲ್ಲಿ ಉದಾಸೀನನ ಜಾಗದಲ್ಲಿ ಅಮೆರಿಕ.

ಅರಿಯ ಅಂಗಗಳನ್ನು ತೂಗಿ. 1970ರ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 162 ಸ್ಥಾನಗಳಲ್ಲಿ 160 ಅಲ್ಲಿನ ಅವಾಮಿ ಲೀಗ್ ಪಕ್ಷದ ಪಾಲಾಗಿದ್ದವು. ಅಧಿಕಾರ ಕೊಡುವ ಬದಲು 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಸೇನೆ ತನ್ನ ಜನರ ಮೇಲೆಯೇ ಬಿತ್ತು. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಅಂದರೆ ಆ ಭಾಗದಲ್ಲಿ ಪಾಕಿಸ್ತಾನದ ದಂಡ ಗಟ್ಟಿಯಾಗಿತ್ತು, ಜನಪದ ಎಂಬ ಅಂಗವೇ ಕಳಚಿಹೋಗಿತ್ತು. ಏಳನೆಯ ಅಧಿಕರಣದ ಐದನೆಯ ಅಧ್ಯಾಯದಲ್ಲಿ ಕೌಟಿಲ್ಯ ಇದೇ ಪ್ರಶ್ನೆ ಕೇಳಿಕೊಳ್ಳುತ್ತಾನೆ: ಅನ್ಯಾಯವಾಗಿ ಆಳುವ ಬಲಿಷ್ಠ, ನ್ಯಾಯವಾಗಿ ಆಳುವ ದುರ್ಬಲ, ಈ ಇಬ್ಬರಲ್ಲಿ ಯಾರ ಮೇಲೆ ಹೋಗಬೇಕು? ಅನ್ಯಾಯಗಾರನ ಮೇಲೆ ಹೋಗು ಎನ್ನುತ್ತಾನೆ, ಏಕೆಂದರೆ ಅವನ ಪ್ರಜೆಗಳು ಅವನ ಕೈಹಿಡಿಯುವುದಿಲ್ಲ, ಬದಲಿಗೆ ಹೊರದಬ್ಬುತ್ತಾರೆ. ದುರ್ಬಲನಾದರೂ ನ್ಯಾಯವಂತನ ಜನ ಅವನಿಗಾಗಿ ನಿಲ್ಲುತ್ತಾರೆ. ಬಂಗಾಳಿ ಹೋರಾಟಗಾರರ ಪಡೆಯಾದ ಮುಕ್ತಿವಾಹಿನಿಯ ಹುಡುಗರು ದಾರಿ ತೋರಿಸಿ, ಸುದ್ದಿ ಕೊಟ್ಟು, ಸೇತುವೆ ಉರುಳಿಸಿ ಮಾಡಿದ್ದು ಆ ಹೊರದಬ್ಬುವ ಕೆಲಸವನ್ನೇ.

ಇನ್ನು ಹಿಮ್ಮಡಿ. ಜುಲೈನಲ್ಲಿ ಅಮೆರಿಕ ಅಧ್ಯಕ್ಷರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗ್‌ಗೆ ಹೋಗಿಬಂದರು. ಉದಾಸೀನ ಮತ್ತು ಪಾರ್ಷ್ಣಿಗ್ರಾಹ ಕೈಜೋಡಿಸುವ ಸೂಚನೆ ಅದು. ಅಂಥ ಹೊತ್ತಿನಲ್ಲಿ ಹುಡುಕಬೇಕಾದದ್ದು ಆಕ್ರಂದನನ್ನು, ಪಾರ್ಷ್ಣಿಗ್ರಾಹನ ಬೆನ್ನಿಗಿರುವವನನ್ನು. ಚೀನಾದ ಬೆನ್ನಿಗಿದ್ದದ್ದು ಸೋವಿಯತ್ ಒಕ್ಕೂಟ. 1969ರ ಮಾರ್ಚಿನಲ್ಲಿ ಉಸ್ಸುರಿ ನದಿಯ ದ್ವೀಪವೊಂದಕ್ಕಾಗಿ ಇಬ್ಬರೂ ಗುಂಡು ಹಾರಿಸಿಕೊಂಡಿದ್ದರು. 1971ರ ಆಗಸ್ಟ್ 9ರಂದು ದೆಹಲಿಯಲ್ಲಿ ಇಪ್ಪತ್ತು ವರ್ಷಗಳ ಭಾರತ-ಸೋವಿಯತ್ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಒಂಬತ್ತನೆಯ ವಿಧಿ ಹೇಳುವುದು ಇಷ್ಟೆ: ಒಬ್ಬರೊಡನೆ ಯುದ್ಧ ಮಾಡುವವರಿಗೆ ಇನ್ನೊಬ್ಬರು ನೆರವು ಕೊಡಬಾರದು, ಒಬ್ಬರ ಮೇಲೆ ದಾಳಿಯಾದರೆ ಅಥವಾ ದಾಳಿಯ ಭಯವಿದ್ದರೆ ಇಬ್ಬರೂ ಕೂಡಲೇ ಕೂತು ಸಮಾಲೋಚಿಸಿ ತಕ್ಕ ಕ್ರಮ ಕೈಗೊಳ್ಳಬೇಕು. ಸೈನ್ಯ ಕಳಿಸುವ ಭರವಸೆ ಅಲ್ಲಿಲ್ಲ. ಬೀಜಿಂಗ್ ತನ್ನ ಬೆನ್ನು ನೋಡಿಕೊಳ್ಳುವಂತೆ ಮಾಡಲು ಅಷ್ಟೇ ಸಾಕಾಗಿತ್ತು.

ಕಾಲದ ಲೆಕ್ಕವೂ ಇದೆ. ದೀರ್ಘ ದಂಡಯಾತ್ರೆಗೆ ಮಾರ್ಗಶಿರ ತಕ್ಕ ಮಾಸ ಎಂದು ಒಂಬತ್ತನೆಯ ಅಧಿಕರಣ ಹೇಳುತ್ತದೆ. ಏಪ್ರಿಲಿನಲ್ಲೇ ಸೇನೆ ನುಗ್ಗಬೇಕೆಂಬ ಕೂಗು ದೇಶದಲ್ಲಿತ್ತು. ಆಗ ನುಗ್ಗಿದ್ದರೆ ಕೆಲವೇ ವಾರಗಳಲ್ಲಿ ಮಳೆ ಹಿಡಿದು ಬಂಗಾಳದ ನದಿಗಳು ಸಮುದ್ರದಂತಾಗುತ್ತಿದ್ದವು. ಹಿಮಾಲಯದ ಕಣಿವೆ ದಾರಿಗಳು ಚೀನಾಕ್ಕೆ ತೆರೆದಿರುತ್ತಿದ್ದವು. ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ, ಹಿಮ ಬಿದ್ದು ಉತ್ತರದ ಕಣಿವೆಗಳು ಮುಚ್ಚುವ ಕಾಲದಲ್ಲಿ. ಪಂಚಾಂಗ ನೋಡಿದರೆ ಅದು ಮಾರ್ಗಶಿರವೇ. ಸೇನಾ ಮುಖ್ಯಾಲಯ ಅರ್ಥಶಾಸ್ತ್ರ ಓದಿ ದಿನ ಇಟ್ಟಿತು ಎಂದು ಇದರ ಅರ್ಥವಲ್ಲ. ಮಳೆ, ನೆಲ, ಹಿಮ ಇವು ಎರಡು ಸಾವಿರ ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ, ಅಷ್ಟೆ.

ಉದಾಸೀನ ಎಚ್ಚೆತ್ತಾಗ ಅಮೆರಿಕದ ಎಂಟರ್‌ಪ್ರೈಸ್ ವಿಮಾನವಾಹಕ ನೌಕೆ ಬಂಗಾಳ ಕೊಲ್ಲಿಯತ್ತ ಹೊರಟಿತು. ಭದ್ರತಾ ಮಂಡಳಿಯಲ್ಲಿ ಕದನವಿರಾಮದ ನಿರ್ಣಯಗಳಿಗೆ ಸೋವಿಯತ್ ಪದೇ ಪದೇ ವೀಟೊ ಹಾಕಿ ದಿನಗಳನ್ನು ಗಳಿಸಿಕೊಟ್ಟಿತು. ಅಷ್ಟರಲ್ಲಿ ಢಾಕಾ ಕೈಸೇರಿ ಸುಮಾರು 93,000 ಮಂದಿ ಸೆರೆಯಾದರು.

ಇಷ್ಟು ಚೆನ್ನಾಗಿ ಹೊಂದುವ ಉದಾಹರಣೆಯಲ್ಲೂ ನಕ್ಷೆ ಒಂದು ಕಡೆ ಸುಳ್ಳಾಗುತ್ತದೆ. ಪಾಕಿಸ್ತಾನದಾಚೆಗಿನ ಎರಡು ದೇಶಗಳು ವೃತ್ತದ ಪ್ರಕಾರ ಭಾರತದ ಸಹಜ ಗೆಳೆಯರಾಗಬೇಕು. ಅಫ್ಘಾನಿಸ್ತಾನದ ಮಟ್ಟಿಗೆ ಇದು ನಿಜ. 1947ರಲ್ಲಿ ವಿಶ್ವಸಂಸ್ಥೆಗೆ ಪಾಕಿಸ್ತಾನದ ಸೇರ್ಪಡೆಯನ್ನು ವಿರೋಧಿಸಿ ಮತ ಹಾಕಿದ ಒಂದೇ ದೇಶ ಅದು. ಇರಾನಿನ ಶಾ ಮಾತ್ರ ಪಾಕಿಸ್ತಾನದ ಗೆಳೆಯನಾಗಿದ್ದ, ಇಬ್ಬರೂ ಅಮೆರಿಕ ಬೆಂಬಲಿತ ಒಂದೇ ಕೂಟದಲ್ಲಿದ್ದರು. ವೃತ್ತ ಹೇಳುವುದು ಯಾರ ಮೇಲೆ ಕಣ್ಣಿಡಬೇಕು, ಯಾರ ಕದ ತಟ್ಟಬೇಕು ಎಂಬುದನ್ನು. ಕದ ತೆರೆಯುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಆರು ಗುಣಗಳು, ಮತ್ತು ಕೈಕೊಡುವ ಜಾಗಗಳು

ರಾಜನೀತಿಯಲ್ಲಿ ಸಂಧಿ, ವಿಗ್ರಹ ಎರಡೇ ಇವೆ ಎಂದು ವಾತವ್ಯಾಧಿ ಎಂಬ ಆಚಾರ್ಯ ಹೇಳಿದ್ದನಂತೆ. ಕೌಟಿಲ್ಯ ಒಪ್ಪುವುದಿಲ್ಲ, ಆರು ಎನ್ನುತ್ತಾನೆ. ಕರಾರು ಮಾಡಿಕೊಳ್ಳುವುದು ಸಂಧಿ, ಕೇಡು ಮಾಡುವುದು ವಿಗ್ರಹ, ಕಂಡೂ ಸುಮ್ಮನಿರುವುದು ಆಸನ, ಬಲ ಕೂಡಿಸಿಕೊಂಡು ಸಜ್ಜಾಗುವುದು ಯಾನ, ಇನ್ನೊಬ್ಬನ ಆಶ್ರಯಕ್ಕೆ ತನ್ನನ್ನು ಒಪ್ಪಿಸುವುದು ಸಂಶ್ರಯ, ಒಬ್ಬನೊಡನೆ ಸಂಧಿ ಇನ್ನೊಬ್ಬನೊಡನೆ ವಿಗ್ರಹ ನಡೆಸುವುದು ದ್ವೈಧೀಭಾವ. ಎದುರಾಳಿಗಿಂತ ಕಡಿಮೆಯಾಗಿದ್ದರೆ ಸಂಧಿ, ಹೆಚ್ಚಿದ್ದರೆ ವಿಗ್ರಹ, ಸಮವಾಗಿದ್ದರೆ ಆಸನ, ಬಲ ಕುಂದಿದ್ದರೆ ಸಂಶ್ರಯ, ನೆರವಿನಿಂದ ಮಾತ್ರ ಆಗುವ ಕೆಲಸಕ್ಕೆ ದ್ವೈಧೀಭಾವ. ಸಂಧಿಯಿಂದಲೂ ವಿಗ್ರಹದಿಂದಲೂ ಒಂದೇ ಲಾಭ ಬರುವುದಾದರೆ ಸಂಧಿಯನ್ನೇ ಹಿಡಿ ಎನ್ನುತ್ತಾನೆ. ವಿಗ್ರಹದಲ್ಲಿ ಜನನಷ್ಟ, ಹಣದ ಖರ್ಚು, ಮನೆಬಿಟ್ಟ ಅಲೆದಾಟ, ಅಡ್ಡಿ ಆತಂಕ ನಾಲ್ಕೂ ಇವೆ. ಯುದ್ಧಪಿಪಾಸು ಎಂದು ಹೆಸರಾದವನ ಮಾತು ಇದು.

ವಿಗ್ರಹ ಎಂದರೆ ಯುದ್ಧ ಮಾತ್ರವಲ್ಲ ಎಂಬುದನ್ನು ಗಮನಿಸಬೇಕು. ಆರ್ಥಿಕ ದಿಗ್ಬಂಧನ, ಸುಂಕದ ಹೊಡೆತ, ಸೈಬರ್ ದಾಳಿ ಎಲ್ಲವೂ 'ಕೇಡು ಮಾಡುವುದು' ಎಂಬ ವ್ಯಾಖ್ಯೆಯೊಳಗೆ ಬರುತ್ತವೆ. ಯಾನವೂ ಹಾಗೆಯೇ ಯುದ್ಧವಿಲ್ಲದೆ ನಡೆಯಬಲ್ಲದು, ಆದರೆ ಪುಕ್ಕಟೆಯಲ್ಲ. 2001ರ ಡಿಸೆಂಬರ್ 13ರ ಸಂಸತ್ ದಾಳಿಯ ನಂತರ ಭಾರತ ಲಕ್ಷಗಟ್ಟಲೆ ಸೈನಿಕರನ್ನು ಗಡಿಗೆ ಸಾಗಿಸಿ ಸುಮಾರು ಹತ್ತು ತಿಂಗಳು ನಿಲ್ಲಿಸಿತು. ಯುದ್ಧ ಆಗಲಿಲ್ಲ. ನೆಲಬಾಂಬ್ ಹೂಳುವಾಗ, ತೆಗೆಯುವಾಗ, ಅಪಘಾತಗಳಲ್ಲಿ ನೂರಾರು ಯೋಧರು ಜೀವ ಕಳೆದುಕೊಂಡರು. ಸೇನೆ ಗಡಿ ತಲುಪಲು ವಾರಗಳೇ ಹಿಡಿದವು, ಅಷ್ಟರಲ್ಲಿ ಎದುರಾಳಿಯೂ ಸಜ್ಜಾಗಿದ್ದ. ಬೇಗ ಕೂಡಿಸಲಾಗದ ಬಲದಿಂದ ಯಾನ ಮಾಡಿದರೆ ಆಗುವುದು ಇದು.

ಅತ್ಯಂತ ಅಪಾಯದ್ದು ಸಂಶ್ರಯ. ಬಲಿಷ್ಠನ ಜೊತೆ ಸೇರುವುದರಲ್ಲಿ ದೊಡ್ಡ ದೋಷವಿದೆ, ಶತ್ರು ಮೇಲೆಬಿದ್ದಿರುವಾಗ ಮಾತ್ರ ಅದು ಸರಿ ಎಂಬುದು ಕೌಟಿಲ್ಯನ ಎಚ್ಚರಿಕೆ. ಆಶ್ರಯ ಕೊಡುವವನು ಶತ್ರುವಿಗಿಂತ ಬಲಶಾಲಿಯಾಗಿರಲೇಬೇಕು. ಉಕ್ರೇನ್ ಸಿಕ್ಕಿಬಿದ್ದದ್ದು ಅರೆಬರೆ ಸಂಶ್ರಯದಲ್ಲಿ. 1994ರ ಡಿಸೆಂಬರ್ 5ರ ಬುಡಾಪೆಸ್ಟ್ ಒಪ್ಪಂದದಲ್ಲಿ ತನ್ನ ನೆಲದಲ್ಲಿದ್ದ ಸೋವಿಯತ್ ಅಣ್ವಸ್ತ್ರ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಗಡಿಯನ್ನು ಗೌರವಿಸುವ ಮಾತು ಸಿಕ್ಕಿತು, ಸೇನೆ ಕಳಿಸುವ ಮಾತು ಸಿಗಲಿಲ್ಲ. 2008ರ ಏಪ್ರಿಲಿನ ಬುಕಾರೆಸ್ಟ್ ಶೃಂಗಸಭೆಯಲ್ಲಿ ಉಕ್ರೇನ್ ಮತ್ತು ಜಾರ್ಜಿಯಾ ಮುಂದೆ ತನ್ನ ಸದಸ್ಯರಾಗುತ್ತವೆ ಎಂದು ಅಮೆರಿಕ ಮುಂದಾಳತ್ವದ ಸೇನಾಕೂಟ ನೇಟೊ ಘೋಷಿಸಿತು, ಯಾವಾಗ ಎಂದು ಹೇಳಲಿಲ್ಲ. ಶತ್ರುವಿನ ಕೋಪ ಕೆರಳಿತು, ರಕ್ಷಣೆ ಬರಲಿಲ್ಲ. ನಾಲ್ಕೇ ತಿಂಗಳಲ್ಲಿ ಜಾರ್ಜಿಯಾದಲ್ಲಿ ಯುದ್ಧ ನಡೆಯಿತು. ಫಿನ್‌ಲ್ಯಾಂಡ್ ಇದಕ್ಕೆ ತಿರುವುಮುರುವು. ರಷ್ಯಾದೊಂದಿಗೆ 1,300 ಕಿಲೋಮೀಟರಿಗೂ ಉದ್ದದ ಗಡಿ ಇಟ್ಟುಕೊಂಡು, 1948ರಲ್ಲಿ ಸೋವಿಯತ್ ಜೊತೆ ಸಂಧಿ ಮಾಡಿಕೊಂಡು, ದಶಕಗಳ ಕಾಲ ಕೂಟ ಸೇರದೆ ಆಸನದಲ್ಲಿ ಕೂತಿತು, ಆದರೆ ತನ್ನ ಸೈನ್ಯವನ್ನು ಸಡಿಲಬಿಡಲಿಲ್ಲ. ರಷ್ಯಾ ಉಕ್ರೇನಿನಲ್ಲಿ ಮುಳುಗಿದ್ದ ಹೊತ್ತು ನೋಡಿ 2023ರ ಏಪ್ರಿಲ್ 4ರಂದು ನೇಟೊವನ್ನು ಪೂರ್ತಿಯಾಗಿ ಸೇರಿತು. ಅರ್ಜಿ ಹಾಕಿದ್ದಕ್ಕೂ ಸದಸ್ಯನಾದದ್ದಕ್ಕೂ ನಡುವೆ ಒಂದು ವರ್ಷವೂ ಇರಲಿಲ್ಲ.

ದ್ವೈಧೀಭಾವವನ್ನು ಎರಡು ನಾಲಗೆಯ ಆಟ ಎಂದು ಹೀಗಳೆಯುವವರಿದ್ದಾರೆ. ಗಾಲ್ವಾನ್‌ನಲ್ಲಿ 2020ರ ಜೂನ್‌ನಲ್ಲಿ ಚೀನಾ ಪಡೆಯೊಡನೆ ನಡೆದ ಘರ್ಷಣೆಯಲ್ಲಿ ಇಪ್ಪತ್ತು ಯೋಧರನ್ನು ಕಳೆದುಕೊಂಡ ಭಾರತವು ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆ ಕ್ವಾಡ್ ಕೂಟದಲ್ಲಿ ಕೂರುತ್ತದೆ, ರಷ್ಯಾದಿಂದ ಎಸ್-400 ವಾಯುರಕ್ಷಣಾ ಕ್ಷಿಪಣಿ ತರಿಸುತ್ತದೆ, ಚೀನಾ ಇರುವ ಬ್ರಿಕ್ಸ್ ಕೂಟದಲ್ಲೂ ಇರುತ್ತದೆ. ಚೀನಾದ ಆರ್ಥಿಕತೆ ಭಾರತದ ನಾಲ್ಕೈದು ಪಟ್ಟು ದೊಡ್ಡದಿರುವಾಗ ಬೇರೆ ದಾರಿಗಳ ಬೆಲೆ ಇನ್ನೂ ಹೆಚ್ಚು. ಆದರೆ ಈ ನೀತಿಗೆ ಅವಧಿ ಉಂಟು. ಯಾವ ನೀತಿಯಾದರೂ ಅದನ್ನು ಹಿಡಿದಿರುವಾಗ ನನ್ನ ದುರ್ಗ, ನೀರಾವರಿ, ವ್ಯಾಪಾರದ ದಾರಿ, ಗಣಿ ಬೆಳೆಯುತ್ತಿವೆಯೇ, ಎದುರಾಳಿಯವು ನನಗಿಂತ ವೇಗವಾಗಿ ಬೆಳೆಯುತ್ತಿವೆಯೇ ಎಂದು ನೋಡು ಎಂಬುದು ಕೌಟಿಲ್ಯನ ಒರೆಗಲ್ಲು. 1978ರ ನಂತರ ಚೀನಾ ಸುಮಾರು ಮೂರು ದಶಕ ತಲೆ ತಗ್ಗಿಸಿ ಕಾರ್ಖಾನೆ, ಬಂದರು, ರಸ್ತೆ ಕಟ್ಟಿದ್ದು ಈ ಒರೆಗಲ್ಲಿಗೆ ಸರಿಯಾಗಿ ನಿಲ್ಲುತ್ತದೆ. ಭಾರತದ ಇಂದಿನ ದ್ವೈಧೀಭಾವವನ್ನೂ ಕ್ವಾಡ್ ಸಭೆಗಳ ಸಂಖ್ಯೆಯಿಂದ ಅಳೆಯಬಾರದು, ಇದೇ ಕಲ್ಲಿಗೆ ಉಜ್ಜಿ ನೋಡಬೇಕು.

ಹಳೆಯ ಲೆಕ್ಕ ಕೈಕೊಡುವ ಎರಡು ಜಾಗಗಳನ್ನು ಮರೆಯುವಂತಿಲ್ಲ. ಒಂದು ಅಣ್ವಸ್ತ್ರ. ಸಮಬಲರು ಹೊಡೆದಾಡಿದರೆ ಹಸಿಮಡಕೆಗಳು ಡಿಕ್ಕಿ ಹೊಡೆದಂತೆ ಇಬ್ಬರೂ ಒಡೆಯುತ್ತಾರೆ ಎಂದವನು ಕೌಟಿಲ್ಯನೇ. ಆದರೆ ಬಲ ಎಷ್ಟು ಕಡಿಮೆಯಿದ್ದರೂ ಒಂದಿಷ್ಟು ಬಾಂಬು ಇದ್ದವನು ಎದುರಾಳಿಗೆ ಸಮನಾಗಿಬಿಡುವ ಸ್ಥಿತಿ ಅವನ ಲೆಕ್ಕದಲ್ಲಿಲ್ಲ. ಎರಡೂ ದೇಶಗಳು ಅಣ್ವಸ್ತ್ರ ಪರೀಕ್ಷೆ ನಡೆಸಿದ 1998ರ ಮೇ ತಿಂಗಳ ನಂತರ ಪಾಕಿಸ್ತಾನದ ವಿಷಯದಲ್ಲಿ 1971ರಂಥ ವಿಗ್ರಹದ ಬಾಗಿಲು ಮುಚ್ಚಿದೆ. ಇನ್ನೊಂದು ವ್ಯಾಪಾರದ ಹೆಣಿಗೆ. ಗಾಲ್ವಾನ್ ನಂತರವೂ ಭಾರತ-ಚೀನಾ ವ್ಯಾಪಾರ ವರ್ಷಕ್ಕೆ 10,000 ಕೋಟಿ ಡಾಲರ್ ದಾಟಿತು. ನಮ್ಮ ಔಷಧ ಕಾರ್ಖಾನೆಗಳ ಕಚ್ಚಾವಸ್ತುವಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಅರಿಯ ಕೋಶಕ್ಕೆ ಹೊಡೆದರೆ ನಮ್ಮ ಆಸ್ಪತ್ರೆಗೂ ಪೆಟ್ಟು ಬೀಳುತ್ತದೆ.

ಕೊನೆಯದಾಗಿ, ಒಂದು ಮಂಡಲ ಬರೆದ ಮೇಲೆ ಅದೇ ಹಾಳೆಯಲ್ಲಿ ಎದುರಾಳಿಯ ಕಡೆಯಿಂದ ಇನ್ನೊಂದು ಬರೆಯಬೇಕು. ನಮ್ಮಲ್ಲಿ ಬಹುತೇಕ ಚರ್ಚೆಗಳು ಈ ಹೆಜ್ಜೆಗೆ ಬರುವುದೇ ಇಲ್ಲ. ಬೀಜಿಂಗನ್ನು ವಿಜಿಗೀಷು ಮಾಡಿ ನೋಡಿ. ಅದರ ಮುಂಗಡೆ ಪೂರ್ವಕ್ಕೆ, ಸಮುದ್ರದ ಕಡೆ: ತೈವಾನ್, ಜಪಾನ್, ಅವುಗಳ ಹಿಂದೆ ಅಮೆರಿಕ. ಆ ನಕ್ಷೆಯಲ್ಲಿ ಭಾರತ ಮುಖ್ಯ ಅರಿಯಲ್ಲ, ಹಿಮ್ಮಡಿ ಹಿಡಿಯಬಲ್ಲ ಪಾರ್ಷ್ಣಿಗ್ರಾಹ. ಭಾರತದ ಬೆನ್ನಿಗಿರುವ ಪಾಕಿಸ್ತಾನ ಅದರ ಆಕ್ರಂದ. 1963ರ ಗಡಿ ಒಪ್ಪಂದ, ಕಾರಾಕೋರಂ ಹೆದ್ದಾರಿ, 2015ರ ಆರ್ಥಿಕ ಕಾರಿಡಾರ್, ಪಾಕಿಸ್ತಾನ ತರಿಸುವ ಆಯುಧಗಳಲ್ಲಿ ಚೀನಾದ ಸಿಂಹಪಾಲು, ಇವೆಲ್ಲ ಆ ನಕ್ಷೆಯಲ್ಲಿ ಒಂದೇ ಗೆರೆಯ ಮೇಲೆ ಕೂರುತ್ತವೆ. ಪಾರ್ಷ್ಣಿಗ್ರಾಹನ ವಿಷಯದಲ್ಲಿ ಬೀಜಿಂಗ್‌ಗೆ ಬೇಕಾದದ್ದು ಅವನನ್ನು ಗೆಲ್ಲುವುದಕ್ಕಿಂತ ಹೆಚ್ಚಾಗಿ ಅವನ ಕೈ ಕಟ್ಟುವುದು: ಲಡಾಖಿನಲ್ಲಿ ಸಾವಿರಾರು ಯೋಧರು ಚಳಿಗಾಲವಿಡೀ ನಿಲ್ಲುವಂತೆ ಮಾಡುವುದು, ನೌಕಾಪಡೆಗೆ ಹೋಗಬೇಕಾದ ಹಣ ಬೆಟ್ಟದ ರಸ್ತೆಗೆ ಹೋಗುವಂತೆ ಮಾಡುವುದು. 2024ರ ಅಕ್ಟೋಬರಿನ ಗಸ್ತು ಒಪ್ಪಂದದ ನಂತರವೂ ಎರಡೂ ಕಡೆಯ ದೊಡ್ಡ ಪಡೆಗಳು ಗಡಿಯ ಹತ್ತಿರವೇ ಉಳಿದಿರುವುದನ್ನು ಈ ಎರಡನೆಯ ನಕ್ಷೆ ಹಿಡಿದೇ ಓದಬೇಕು.